ಪಕ್ಕದ ಮನೆ ಸಾಲ

ಕಳೆದ ತಿಂಗಳು ಮಗಳ ಗಣಿತದ ಉತ್ತರಪತ್ರಿಕೆ ಮನೆಗೆ ಬಂತು. ಮೂರನೇ ಕ್ಲಾಸು. 42ರಲ್ಲಿ 17 ಕಳೆದರೆ ಎಷ್ಟು? ಅವಳು ಬರೆದಿದ್ದು 35. ಎರಡರಲ್ಲಿ ಏಳು ಹೋಗಲ್ಲ ಅಂತ ಏಳರಲ್ಲೇ ಎರಡನ್ನು ಕಳೆದುಬಿಟ್ಟಿದ್ದಾಳೆ. ಅಂಥದ್ದೇ ಲೆಕ್ಕ ನಾಲ್ಕು, ನಾಲ್ಕಕ್ಕೂ ಕೆಂಪು ಗೀಟು. ನನಗೆ ಮೊದಲು ನೆನಪಾಗಿದ್ದು ಫೀಸು. ಅಲ್ಲಿ ಬಾಯಿಪಾಠ ಇಲ್ಲ, ಮಣಿ, ಕಡ್ಡಿ, ಬ್ಲಾಕು ಕೈಗೆ ಕೊಟ್ಟು ಲೆಕ್ಕ ಕಲಿಸ್ತಾರೆ ಅಂತಲೇ ಆ ಶಾಲೆಗೆ ಸೇರಿಸಿದ್ದು.

ರಾತ್ರಿ ಊಟ ಆದಮೇಲೆ ಬೆಂಕಿಕಡ್ಡಿ ಸುರಿದೆ. ಹತ್ತತ್ತರ ನಾಲ್ಕು ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ, ಎರಡು ಬಿಡಿ ಕಡ್ಡಿ ಪಕ್ಕದಲ್ಲಿಟ್ಟು, 'ಇದರಲ್ಲಿ 17 ನಂಗೆ ಕೊಡು' ಅಂದೆ. ಒಂದು ಕಟ್ಟು ಹಾಗೇ ಕೊಟ್ಟಳು. ಇನ್ನೊಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿ ಏಳು ಎಣಿಸಿ ಕೊಟ್ಟಳು. ಉಳಿದಿದ್ದು 25. ಒಂದು ಕ್ಷಣವೂ ತಡವರಿಸಲಿಲ್ಲ.

ಹಾಗಾದರೆ ಅವಳಿಗೆ ಲೆಕ್ಕ ಬರುತ್ತೋ, ಬರಲ್ವೋ?

ಈ ಪ್ರಶ್ನೆ ನನ್ನನ್ನು ಸೀದಾ ಅರಸೀಕೆರೆ ಸೀಮೆಯ ನಮ್ಮೂರ ಶಾಲೆಗೆ ಕರಕೊಂಡು ಹೋಯ್ತು. ಅಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗ ಸಂತೆದಿನ ಅವರಮ್ಮನ ಜೊತೆ ಸೊಪ್ಪು ಮಾರುತ್ತಿದ್ದ. ಎರಡು ಕಟ್ಟು ದಂಟು, ಮೂರು ಕಟ್ಟು ಮೆಂತ್ಯ, ಕೈಯಲ್ಲಿ ಐವತ್ತರ ನೋಟು. ಗಿರಾಕಿ ಚೀಲದ ಬಾಯಿ ತೆರೆಯೋದರೊಳಗೆ ಚಿಲ್ಲರೆ ಎಣಿಸಿ ಕೊಡುತ್ತಿದ್ದ. ಅದೇ ಹುಡುಗ ಬೋರ್ಡಿನ ಮುಂದೆ ನಿಂತರೆ ಕಳೆಯುವ ಲೆಕ್ಕ ತಪ್ಪು. ಒಂದು ದಿನ ಮೇಷ್ಟ್ರು, 'ಎರಡರಲ್ಲಿ ಏಳು ಹೋಗಲ್ಲ, ಪಕ್ಕದ ಮನೆಯಿಂದ ಸಾಲ ತಗೊಳ್ಳೋ' ಅಂದರು. ಇವನು ಕೇಳಿದ, 'ಸಾಲ ತಗಂಡ್ರೆ ಯಾವಾಗ ವಾಪಸ್ ಕೊಡಾದು ಸಾ?'

ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಅವನಿಗೆ ಬೆತ್ತದ ಏಟು ಬಿತ್ತು.

ನಾನು ಏನೂ ಕೇಳುತ್ತಿರಲಿಲ್ಲ. ಹೇಳಿದ ಹಾಗೆ ಗೀಟು ಹಾಕಿ, ಅಂಕಿ ಹೊಡೆದು, ಪೂರ್ತಿ ಅಂಕ ತಗೊಳ್ಳುತ್ತಿದ್ದೆ. ಅವನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಿಂತ. ನಾನು ಬಿಇ ಮುಗಿಸಿ ಬೆಂಗಳೂರಿಗೆ ಬಂದೆ. ಈಗ ಯೋಚಿಸಿದರೆ ಅವತ್ತು ಆ ಕ್ಲಾಸಲ್ಲಿ ಗಣಿತ ಮಾತಾಡಿದ್ದು ಅವನೊಬ್ಬನೇ. ಸಾಲ ಅನ್ನೋ ಮಾತೇ ಅಲ್ಲಿ ತಪ್ಪು. ನಾಲ್ಕು ಕಟ್ಟು ಎರಡು ಬಿಡಿ ಇದ್ದದ್ದು ಮೂರು ಕಟ್ಟು ಹನ್ನೆರಡು ಬಿಡಿ ಆಗುತ್ತೆ, ಅಷ್ಟೇ. ಯಾರೂ ಯಾರಿಗೂ ಏನೂ ಕೊಟ್ಟಿಲ್ಲ.

ಅವನಂಥವರು ಒಬ್ಬಿಬ್ಬರಲ್ಲ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದಿಲ್ಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಮಾಡಿದ ಅಧ್ಯಯನ 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ವ್ಯಾಪಾರದ ಲೆಕ್ಕ ಬಾಯಲ್ಲೇ ಮುಗಿಸುವ ಮಕ್ಕಳು ಅಂಥದ್ದೇ ಲೆಕ್ಕವನ್ನು ಶಾಲೆಯ ರೂಪದಲ್ಲಿ ಕೊಟ್ಟಾಗ ಸೋತರು. ಶಾಲೆಯ ಲೆಕ್ಕ ಮಾಡುವ ಮಕ್ಕಳು ಅಂಗಡಿಯ ಲೆಕ್ಕಕ್ಕೆ ತಡವರಿಸಿದರು. ಅಂದರೆ ಅವನೂ ನಾನೂ ಅರ್ಧರ್ಧ ಕಲಿತವರೇ. ವ್ಯತ್ಯಾಸ ಇಷ್ಟೇ, ನನ್ನ ಅರ್ಧಕ್ಕೆ ಅಂಕ ಇತ್ತು.

ಹಾಗಂತ ಕಡ್ಡಿ, ಮಣಿ ಕೊಟ್ಟುಬಿಟ್ಟರೆ ಮುಗೀತಾ? ವಸ್ತು ಹಿಡಿದು ಕಲಿಸುವುದನ್ನು ಬರೀ ಅಂಕಿ, ಚಿಹ್ನೆಗಳ ಪಾಠಕ್ಕೆ ಹೋಲಿಸಿದ 55 ಅಧ್ಯಯನಗಳನ್ನು ಅಮೆರಿಕದ ಸಂಶೋಧಕರು 2013ರಲ್ಲಿ ಒಟ್ಟಿಗಿಟ್ಟು ನೋಡಿದರು. ಲಾಭ ಇದೆ. ಕಲಿತದ್ದು ನೆನಪಲ್ಲಿ ಉಳಿಯೋದು ಚೆನ್ನಾಗಿದೆ. ಆದರೆ ಅದನ್ನು ಹೊಸ ಜಾಗಕ್ಕೆ ಒಯ್ದು ಬಳಸೋ ವಿಷಯದಲ್ಲಿ ಲಾಭ ಸಣ್ಣದು. ಕೈ ಕಲಿತದ್ದು ತಾನಾಗೇ ಕಾಗದಕ್ಕೆ ಇಳಿಯಲ್ಲ. ಯಾರಾದರೂ ಪಕ್ಕದಲ್ಲಿ ಕೂತು ಇಳಿಸಬೇಕು.

ನಮ್ಮ ಅಪಾರ್ಟ್‌ಮೆಂಟಲ್ಲಿ ಎರಡು ಗುಂಪಿದೆ. ಒಂದು ಒಲಿಂಪಿಯಾಡ್, ಅಬ್ಯಾಕಸ್ ಗುಂಪು. ಇನ್ನೊಂದು 'ಮಾರ್ಕ್ಸ್ ಮುಖ್ಯ ಅಲ್ಲ, ಮಗು ಖುಷಿಯಾಗಿರಲಿ' ಗುಂಪು. ನಾನು ಎರಡನೆಯದರಲ್ಲಿ ಇದ್ದವನು. ಆ ಮಾತನ್ನು ನಾನೂ ಧಾರಾಳವಾಗಿ ಆಡಿದ್ದೇನೆ. ಈಗ ನಾಚಿಕೆ ಆಗುತ್ತೆ. ಹೊಳೆ ದಾಟಿದವನು ಅಂಬಿಗನನ್ನು ಬೈದ ಹಾಗೆ ಅದು. ನನ್ನನ್ನು ಊರಿಂದ ಇಲ್ಲಿಗೆ ತಂದದ್ದು ಮಾರ್ಕ್ಸೇ. ಸೊಪ್ಪು ಮಾರುವವರ ಮಗನಿಗೆ ಪರೀಕ್ಷೆ ಬಿಟ್ಟರೆ ಬೇರೆ ದೋಣಿ ಇರಲಿಲ್ಲ. ಅವನಿಗೆ 'ಅಂಕ ಮುಖ್ಯ ಅಲ್ಲ' ಅನ್ನೋದು ಉದಾರತೆಯಲ್ಲ, ಕೈಬಿಡೋದು. ಹಾಗೇ, ಅವನ ಕೈಯಲ್ಲಿದ್ದ ಲೆಕ್ಕವನ್ನು ಒಂದು ಸಲವೂ ನೋಡದೆ ದಡ್ಡ ಅಂತ ಬರೆದುಬಿಡೋದು ಅನ್ಯಾಯ.

ನಮ್ಮ ಕೆಲಸದಲ್ಲಿ ಟೆಸ್ಟ್ ಫೇಲ್ ಆದರೆ ಕೋಡ್ ತಪ್ಪಿದೆ ಅಂತ ತಕ್ಷಣ ತೀರ್ಮಾನ ಮಾಡಲ್ಲ. ಟೆಸ್ಟೇ ತಪ್ಪಿರಬಹುದು. ಎಷ್ಟೋ ಸಲ ಎರಡೂ ಸರಿ ಇರುತ್ತೆ, ಮಧ್ಯದ ಇಂಟರ್‌ಫೇಸ್ ಮಾತ್ರ ಯಾರೂ ಸರಿಯಾಗಿ ಬರೆದಿರಲ್ಲ. ಒಂದು ಬಗ್‌ಗೆ ಕೊಡುವ ಈ ತಾಳ್ಮೆಯನ್ನು ಎಂಟು ವರ್ಷದ ಮಗುವಿಗೆ ಯಾಕೆ ಕೊಡಲ್ಲ? ಮಗು ಫೇಲಾದ ತಕ್ಷಣ ನಾವು ಮಗುವನ್ನೇ ರಿಪೇರಿ ಮಾಡಲು ಹೊರಡುತ್ತೀವಿ. ಇಲ್ಲಾಂದರೆ ಪರೀಕ್ಷೆಯನ್ನೇ ಬೈತೀವಿ. ಎರಡೂ ಸುಲಭ. ಮಧ್ಯದ ಕೆಲಸ ಬೇಸರದ್ದು, ಸಮಯ ಬೇಡುವಂಥದ್ದು. ನಲವತ್ತು ಮಕ್ಕಳ ಕ್ಲಾಸಲ್ಲಿ ಅದನ್ನು ಒಬ್ಬರೇ ಮೇಷ್ಟ್ರು ಮಾಡಬೇಕು ಅನ್ನೋದೂ ನ್ಯಾಯ ಅಲ್ಲ.

ಮಾರನೇ ದಿನ ಕಡ್ಡಿಯ ಪಕ್ಕ ಕಾಗದ ಇಟ್ಟೆ. 'ಕೈಯಲ್ಲಿ ಏನು ಮಾಡ್ತೀಯೋ, ಆಯಾ ಕ್ಷಣಕ್ಕೆ ಅದನ್ನೇ ಬರಿ' ಅಂದೆ. ಕಟ್ಟು ಬಿಚ್ಚಿದಳು. 4 ಹೊಡೆದು ಮೇಲೆ 3 ಬರೆದಳು. 2ರ ಜಾಗದಲ್ಲಿ 12. ಸ್ವಲ್ಪ ಹೊತ್ತು ಅದನ್ನೇ ನೋಡಿ, 'ಅಪ್ಪಾ, ಮಿಸ್ ಸಾಲ ಅಂತಾರೆ. ಇದು ನಮ್ದೇ ಕಟ್ಟಲ್ವಾ?' ಅಂದಳು.

ಹೌದು ಮಗಳೇ, ನಮ್ದೇ. ಗೆಳೆಯ ಈಗ ಊರಲ್ಲೇ ತೆಂಗಿನಕಾಯಿ ವ್ಯಾಪಾರ ಮಾಡ್ತಾನೆ. ಹಬ್ಬಕ್ಕೆ ಹೋದಾಗ ಅವನಿಗೂ ಈ ಉತ್ತರ ಹೇಳಬೇಕು. ಅವತ್ತು ನಕ್ಕಿದ್ದು ತಪ್ಪಾಯ್ತು ಅಂತಲೂ.