ಬೀಳಲಿದ್ದ ಮರ

ನಮ್ಮ ಹಿತ್ತಲಿನ ಹಲಸಿನ ಮರವನ್ನು ಕಡಿಸಿ ಹಲಗೆ ಕೊಯ್ಯಿಸಿ ಎರಡು ವರ್ಷವಾಯಿತು. ಕಡಿಯುವುದಕ್ಕೆ ಬೇಕಾದ ಕಾಗದಪತ್ರಗಳೆಲ್ಲ ಸರಿಯಾಗಿದ್ದವು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನನ್ನನ್ನು ಕಾಡುತ್ತಿರುವ ಪ್ರಶ್ನೆ ಕಾನೂನಿನದಲ್ಲ. ಕಾನೂನು ಒಪ್ಪಿದ ಮೇಲೂ ಉಳಿದುಕೊಂಡದ್ದು.

ಮರ ವಾಲಿತ್ತು. ಅಬ್ಬಾ ಇದ್ದಾಗಲೂ ವಾಲಿತ್ತು. ಮಳೆಗಾಲದ ಮೊದಲ ಗಾಳಿ ಬೀಸಿದಾಗಲೆಲ್ಲ ಅಮ್ಮಿ ಬಚ್ಚಲುಮನೆಯ ಹೆಂಚನ್ನು ನೋಡುತ್ತ "ಈ ಸಲ ಖಂಡಿತ ಬೀಳುತ್ತೆ" ಎನ್ನುತ್ತಿದ್ದರು. ಅದು ಬೀಳುತ್ತಿರಲಿಲ್ಲ. ಬೇಸಗೆ ಬಂದರೆ ಕಾಯಿ ಬಿಡುತ್ತಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಮ್ಮಿಯ ಭವಿಷ್ಯವಾಣಿಯೂ ಮರದ ಹಣ್ಣೂ ಒಂದರ ಬೆನ್ನಿಗೆ ಒಂದು ಬರುತ್ತಲೇ ಇದ್ದವು. ಯಾರೂ ಕೊಡಲಿ ಎತ್ತಿರಲಿಲ್ಲ.

ಹಾಗಿರುವಾಗ ಪಕ್ಕದ ಬೀದಿಯವರು ಮನೆ ಕಟ್ಟುವುದಕ್ಕಾಗಿ ಹಳೆಯ ಮಾವಿನ ಮರವೊಂದನ್ನು ಉರುಳಿಸಿದರು. ಅದನ್ನು ಕೊಯ್ಯಲು ಘಟ್ಟದ ಕೆಳಗಿನಿಂದ ಇಬ್ಬರು ಚೈನ್ ಸಾ ಹಿಡಿದು ಬಂದರು. ಭಾಯಿಜಾನ್ ಹೋಗಿ ನೋಡಿಕೊಂಡು ಬಂದು, "ಮಿಲ್ಲಿಗೆ ಸಾಗಿಸೋ ರಗಳೆನೇ ಇಲ್ಲ. ಬಿದ್ದ ಜಾಗದಲ್ಲೇ ಹಲಗೆ ಮಾಡಿಕೊಡ್ತಾರೆ. ಒಂದು ದಿನದ ಕೆಲಸ. ಹೇಗೂ ಬೀಳೋ ಮರ ತಾನೇ ನಮ್ಮದು?" ಎಂದರು. ನಾವೆಲ್ಲ ತಲೆಯಾಡಿಸಿದೆವು. ನಾನೂ ಆಡಿಸಿದೆ.

ಆ ಕೆಲಸವನ್ನು ನೋಡದವರಿಗಾಗಿ ಸ್ವಲ್ಪ ವಿವರಿಸಬೇಕು. ಮರ ಉರುಳಿಸುವ ಚೈನ್ ಸಾ ಮರವನ್ನು ಅಡ್ಡಡ್ಡ ಕತ್ತರಿಸುತ್ತದೆ. ಹಲಗೆಗೆ ಬೇಕಾದದ್ದು ಉದ್ದ ಕೊಯ್ತ; ನಾರಿನ ಜೊತೆಜೊತೆಗೇ ಸಾಗಬೇಕು. ಇದಕ್ಕಾಗಿ ಸರಪಳಿಯ ಹಲ್ಲುಗಳನ್ನು ಬೇರೆ ಓರೆಯಲ್ಲಿ ಅರದಿಂದ ಉಜ್ಜಿರುತ್ತಾರೆ. ಅಡ್ಡ ಕೊಯ್ತಕ್ಕೆ ಸುಮಾರು ಮೂವತ್ತು ಡಿಗ್ರಿಯ ಓರೆಯಿದ್ದರೆ, ಉದ್ದ ಕೊಯ್ತಕ್ಕೆ ಹತ್ತರ ಆಸುಪಾಸು. ಗರಗಸದ ಉದ್ದನೆಯ ಪಟ್ಟಿಗೆ ಕಬ್ಬಿಣದ ಚೌಕಟ್ಟೊಂದನ್ನು ಬಿಗಿದು, ಆ ಚೌಕಟ್ಟನ್ನು ದಿಮ್ಮಿಯ ಬೆನ್ನ ಮೇಲೆ ಜಾರಿಸುತ್ತ ಹೋಗುತ್ತಾರೆ. ದಿಮ್ಮಿಯ ಬೆನ್ನು ಡೊಂಕಾಗಿರುವುದರಿಂದ ಮೊದಲ ಕೊಯ್ತಕ್ಕೆ ಮೇಲೊಂದು ಅಲ್ಯುಮಿನಿಯಂ ಏಣಿಯನ್ನು ಬಿಗಿದು ಅದನ್ನೇ ದಾರಿ ಮಾಡಿಕೊಳ್ಳುತ್ತಾರೆ. ಒಮ್ಮೆ ಸಪಾಟು ಮೈ ಸಿಕ್ಕಿತೆಂದರೆ ಮುಂದಿನ ಪ್ರತಿ ಕೊಯ್ತಕ್ಕೂ ಹಿಂದಿನ ಕೊಯ್ತವೇ ದಾರಿ. ಕೊಯ್ದ ಸಂದು ಮತ್ತೆ ಮುಚ್ಚಿಕೊಂಡು ಪಟ್ಟಿಯನ್ನು ಕಚ್ಚದಂತೆ ಹಿಂದಿನಿಂದ ಬೆಣೆ ಹೊಡೆಯುತ್ತ ಬರುತ್ತಾರೆ. ಸದ್ದು ನೂರು ಡೆಸಿಬಲ್ ದಾಟುತ್ತದೆ. ಮಾತಾಡಲಾಗದು, ಹಾಗಾಗಿ ಎಲ್ಲವೂ ಕೈಸನ್ನೆಯಲ್ಲೇ.

ಇಬ್ಬರಲ್ಲಿ ಹಿರಿಯವನು ಕೆಲಸ ಶುರುಮಾಡುವ ಮುಂಚೆ ಬಿದ್ದಿದ್ದ ಮರದ ಮೈಮೇಲೆಲ್ಲ ಅಂಗೈ ಆಡಿಸಿದ. "ಒಳಗೆ ಕಬ್ಬಿಣ ಏನಾದ್ರೂ ಇದೆಯಾ ಸಾಬ್ರೆ?" ಎಂದು ಕೇಳಿದ.

"ಇಲ್ಲಪ್ಪ" ಎಂದೆ.

ನಾನು ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕಲಿತವನು. ಎರಡು ಭಾಷೆಗಳ ನಡುವೆ ನಿಂತವನಿಗೆ ಕೆಲವೊಮ್ಮೆ ಶಬ್ದಗಳು ಕಾಲಿಗೆ ತೊಡರುತ್ತವೆ. ಉದ್ದಕ್ಕೆ ಮರ ಸೀಳುವುದಕ್ಕೆ ಉರ್ದುವಿನಲ್ಲಿ 'ಚೀರನಾ' ಎನ್ನುತ್ತೇವೆ. ಕನ್ನಡದಲ್ಲಿ ಚೀರುವುದೆಂದರೆ ಕಿರುಚುವುದು. ಒಂದಕ್ಕೂ ಇನ್ನೊಂದಕ್ಕೂ ನೆಂಟಸ್ತಿಕೆ ಇಲ್ಲವೆಂದು ಗೊತ್ತಿದ್ದೂ, ಆ ಯಂತ್ರ ಶುರುವಾದಾಗ ನನ್ನ ಕಿವಿಯಲ್ಲಿ ಎರಡೂ ಒಂದೇ ಆದವು. ಕನ್ನಡದ 'ಕೊಯ್ಯು' ಇನ್ನೂ ವಿಚಿತ್ರ. ಭತ್ತ ಕೊಯ್ಯುತ್ತೇವೆ, ಹೂ ಕೊಯ್ಯುತ್ತೇವೆ, ಹಲಗೆ ಕೊಯ್ಯುತ್ತೇವೆ, ಕತ್ತನ್ನೂ ಕೊಯ್ಯುತ್ತೇವೆ. ಯಾವುದು ಸುಗ್ಗಿ, ಯಾವುದು ಕೊಲೆ ಎಂಬುದನ್ನು ಕ್ರಿಯಾಪದ ಹೇಳುವುದಿಲ್ಲ. ಅದನ್ನು ನಾವೇ ಹೇಳಿಕೊಳ್ಳಬೇಕು.

ಮೊದಲ ಹಲಗೆ ಬಿಡಿಸಿಕೊಂಡು ಬಂತು. ಹಲಸಿನ ಹಸಿ ಚೇಗಿನ ಹಳದಿ ಬಣ್ಣವನ್ನು ಬಲ್ಲವರೇ ಬಲ್ಲರು. ಅದರ ಪುಡಿಯನ್ನು ಕುದಿಸಿ ಬೌದ್ಧ ಭಿಕ್ಷುಗಳು ತಮ್ಮ ಬಟ್ಟೆಗೆ ಬಣ್ಣ ಹಾಕುತ್ತಿದ್ದರು. ನಾವೆಲ್ಲ ಅದರ ಚೆಲುವಿಗೆ ಬೆರಗಾಗಿ ನಿಂತಿದ್ದಾಗಲೇ ಹಲಗೆ ದಿಮ್ಮಿಯಿಂದ ಬಿಡುಗಡೆಯಾದ ಗಳಿಗೆಯಲ್ಲಿ ಎರಡೂ ತುದಿ ಎತ್ತಿ ಬಿಲ್ಲಿನಂತೆ ಬಾಗಿತು. ಕೆಲಸಗಾರನ ತಪ್ಪೆಂದು ನಾನೆಣಿಸಿದೆ. ಅವನು ಯಂತ್ರ ನಿಲ್ಲಿಸಿ, ಕಿವಿಗೆ ತುರುಕಿದ ಹತ್ತಿ ತೆಗೆದು, "ವಾಲಿದ ಮರ ಹೀಗೇ ಸಾಬ್ರೆ. ಬೀಳದ ಹಾಗೆ ತನ್ನನ್ನು ತಾನೇ ಎಳೆದು ಹಿಡಿದಿರುತ್ತೆ. ಕೊಯ್ದಾಗ ಆ ಎಳೆತ ಬಿಟ್ಟುಕೊಳ್ಳುತ್ತೆ" ಎಂದ.

ಆಮೇಲೆ ಓದಿ ತಿಳಿದುಕೊಂಡೆ, ಅವನು ಹೇಳಿದ್ದು ಅಕ್ಷರಶಃ ನಿಜ. ಹಲಸು, ಮಾವು, ಹುಣಸೆಗಳಂಥ ಅಗಲ ಎಲೆಯ ಮರಗಳು ವಾಲಿದಾಗ, ವಾಲಿದ ಕಡೆಯಲ್ಲಲ್ಲ, ಅದರ ಎದುರು ಬದಿಯಲ್ಲಿ, ಅಂದರೆ ಮೇಲ್ಮೈಯಲ್ಲಿ, ಬೇರೆ ಬಗೆಯ ಮರವನ್ನು ಬೆಳೆಸಿಕೊಳ್ಳುತ್ತವೆ. ಆ ನಾರುಗಳು ಕುಗ್ಗಲು ಯತ್ನಿಸುತ್ತ ಹಗ್ಗದಂತೆ ಕಾಂಡವನ್ನು ಹಿಂದಕ್ಕೆ ಜಗ್ಗುತ್ತಿರುತ್ತವೆ. ದೇವದಾರು, ಪೈನ್ ಜಾತಿಯ ಮರಗಳಲ್ಲಿ ಇದು ತಿರುವುಮುರುವು. ಅವು ಕೆಳಬದಿಯಿಂದ ಒತ್ತಿ ನಿಲ್ಲಿಸಿಕೊಳ್ಳುತ್ತವೆ. ನಮ್ಮ ಮರದ ಮೇಲ್ಬದಿಯಲ್ಲಿ ಆ ನಾರು ನಾರಾದ ಪದರ ಸ್ಪಷ್ಟವಾಗಿ ಕಾಣುತ್ತಿತ್ತು. ನಾವು 'ಬೀಳಲಿದೆ' ಎಂದು ಹೇಳುತ್ತಿದ್ದ ಆ ವರ್ಷಗಳುದ್ದಕ್ಕೂ ಮರ ಮಾಡುತ್ತಿದ್ದುದು ಬೀಳದಿರುವ ಕೆಲಸ.

ಬುಡದಲ್ಲಿ ಪೊಟರೆ ಇರಲಿಲ್ಲ. ಚೇಗು ಗಟ್ಟಿಯಾಗಿತ್ತು. "ಇನ್ನೂ ಐವತ್ತು ವರ್ಷ ನಿಲ್ತಿತ್ತು ನೋಡಿ, ಎಂಥಾ ನಾಟಾ!" ಎಂದ ಆತ. ಅವನದು ಹೊಗಳಿಕೆ. ಒಳ್ಳೆಯ ಮಾಲು ಸಿಕ್ಕಿತೆಂದು ಮಾಲೀಕನಿಗೆ ಹೇಳುವ ಸಂತೋಷದ ಮಾತು. ನನಗದು ಬೇರೆಯೇ ಆಗಿ ಕೇಳಿಸಿತು.

ಇಲ್ಲಿ ನನ್ನ ಮೇಲೆ ಆಕ್ಷೇಪ ಬರಬಹುದು. ವಾಲಿದ ಮರಗಳು ಮನುಷ್ಯರ ಮೇಲೆ ಬಿದ್ದಿಲ್ಲವೇ? ಬಿದ್ದಿವೆ. ಮಕ್ಕಳಾಡುವ ಹಿತ್ತಲಿನಲ್ಲಿ ಅಪಾಯವನ್ನು ಕಡೆಗಣಿಸುವುದು ಪುಣ್ಯದ ಕೆಲಸವೇನಲ್ಲ. ಆದರೆ ಅಪಾಯವನ್ನು ತಿಳಿಯುವ ಬಗೆಗಳಿವೆ. ವಾಲಿದ್ದರ ಹಿಂಬದಿಯಲ್ಲಿ ಮಣ್ಣು ಉಬ್ಬಿದೆಯೇ, ಬಿರುಕು ಬಿಟ್ಟಿದೆಯೇ? ಬುಡದಲ್ಲಿ ಅಣಬೆ ಎದ್ದಿದೆಯೇ? ಬಡಿದರೆ ಟೊಳ್ಳು ಸದ್ದು ಬರುತ್ತದೆಯೇ? ವಾಲು ಇತ್ತೀಚಿನದೋ, ಹುಟ್ಟಿನಿಂದ ಬಂದದ್ದೋ? ಇವಿಷ್ಟನ್ನು ನೋಡಲು ಅರ್ಧ ಗಂಟೆ ಸಾಕು. ನಾವು ನೋಡಲಿಲ್ಲ. ನೋಡಲು ಸಮಯವಿರಲಿಲ್ಲವೆಂದೂ ಹೇಳುವಂತಿಲ್ಲ. ಕೆಲಸದವರು ಮತ್ತೆ ಈ ಕಡೆ ಬರಲು ಒಂದು ತಿಂಗಳಿತ್ತು. ಆ ತಿಂಗಳಿಡೀ ಮನೆಯಲ್ಲಿ ನಡೆದ ಚರ್ಚೆ ಮೇಜಿನ ಉದ್ದಗಲದ ಬಗ್ಗೆ.

ಕೈಗರಗಸದ ಕಾಲದಲ್ಲಿ ಹೀಗಿರಲಿಲ್ಲ ಎಂದು ಹಳೆಯದನ್ನು ಹೊಗಳುವ ಆಸೆಯಾಗುತ್ತದೆ. ದಿಮ್ಮಿಯನ್ನು ಅಟ್ಟದ ಮೇಲೇರಿಸಿ ಅಥವಾ ಗುಂಡಿಯ ಮೇಲೆ ಅಡ್ಡ ಹಾಕಿ, ಮೇಲೊಬ್ಬ ಕೆಳಗೊಬ್ಬ ನಿಂತು, ಮಸಿ ದಾರದ ಗೆರೆ ಹಿಡಿದು ದಿನಗಟ್ಟಲೆ ಎಳೆಯುತ್ತಿದ್ದರು. ಕೆಳಗಿನವನ ಕಣ್ಣು ಮೂಗಿಗೆಲ್ಲ ಪುಡಿ. ಸಂಜೆಗೆ ಅವನು ಮನುಷ್ಯನೋ ಹೊಟ್ಟಿನ ಗೊಂಬೆಯೋ ತಿಳಿಯುತ್ತಿರಲಿಲ್ಲ. ಆ ದುಡಿಮೆ ಮರಳಿ ಬರಲಿ ಎಂದು ನಾನು ಬಯಸಲಾರೆ. ಅವನ ಬೆನ್ನುಮೂಳೆಯ ಬೆಲೆಯಲ್ಲಿ ನನ್ನ ವಿವೇಕ ನಿಂತಿತ್ತೆಂದರೆ ಅದೆಂಥ ವಿವೇಕ! ಆದರೂ ಒಂದನ್ನು ಒಪ್ಪಬೇಕು. ಕೊಯ್ಯಿಸುವ ಖರ್ಚು ಹಲಗೆಯ ಬೆಲೆಗಿಂತ ಹೆಚ್ಚಾಗಿದ್ದಷ್ಟು ಕಾಲ ನಮ್ಮ ಮರ 'ವಾಲಿದ ಮರ'ವಾಗಿತ್ತು. ಖರ್ಚು ಇಳಿದ ದಿನ ಅದು 'ಬೀಳುವ ಮರ'ವಾಯಿತು. ಮರದಲ್ಲಿ ಏನೂ ಬದಲಾಗಿರಲಿಲ್ಲ. ಉಪಕರಣ ಬರುವುದು ತೀರ್ಮಾನವಾದ ಮೇಲೆ ಎಂದುಕೊಂಡಿರುತ್ತೇವೆ. ಅದು ತೀರ್ಮಾನದ ಒಳಗೇ ಮೊದಲು ಬಂದು ಕೂತಿರುತ್ತದೆ.

ಸರ್ಕಾರಗಳಿಗೆ ಇದು ಒಂದು ಮಟ್ಟಿಗೆ ಗೊತ್ತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೇಂದ್ರದ ಅನುಮತಿಯಿಲ್ಲದೆ ಕಾಡಿನೊಳಗೆ ಮರದ ಮಿಲ್ಲುಗಳು ನಡೆಯಕೂಡದೆಂದಿತು. ಮಿಲ್ಲಿಗೆ ಬೀಗ ಹಾಕಬಹುದು. ಹೆಗಲ ಮೇಲೆ ಹೋಗುವ ಮಿಲ್ಲಿಗೆ ಏನು ಮಾಡುವುದು? ಫಿಲಿಪ್ಪೀನ್ಸ್ 2002ರಲ್ಲಿ ಚೈನ್ ಸಾ ಇಟ್ಟುಕೊಳ್ಳುವುದಕ್ಕೇ ಪರವಾನಗಿ ಬೇಕೆಂಬ ಕಾಯ್ದೆ ತಂದಿತು. ಆಫ್ರಿಕದ ಘಾನಾ ದೇಶ 1998ರಲ್ಲಿ ಮಾರಾಟಕ್ಕಾಗಿ ಚೈನ್ ಸಾದಲ್ಲಿ ಹಲಗೆ ಕೊಯ್ಯುವುದನ್ನೇ ನಿಷೇಧಿಸಿತು. ಆಮೇಲೂ ಅಲ್ಲಿನ ಊರುಗಳ ಮಾರುಕಟ್ಟೆಗೆ ಬಂದ ಹಲಗೆಯಲ್ಲಿ ಬಹುಪಾಲು ಚೈನ್ ಸಾದ್ದೇ. ದೊಡ್ಡ ಮಿಲ್ಲುಗಳು ಒಳ್ಳೆಯ ಮರವನ್ನೆಲ್ಲ ಹಡಗು ಹತ್ತಿಸುತ್ತಿದ್ದವು. ಮನೆಗೆ ಬಾಗಿಲು ಬೇಕಾದ ಬಡವನಿಗೆ ಹಲಗೆ ಎಲ್ಲಿಂದ ಬರಬೇಕು? ಹಾಗಾಗಿ ಯಂತ್ರವನ್ನೇ ಪಾಪಿಯೆನ್ನುವವರ ಜೊತೆ ನಾನಿಲ್ಲ.

ನಮಗೆ ಹತ್ತಿರದ ಉದಾಹರಣೆ ವಯನಾಡಿನದು. 2020ರ ಅಕ್ಟೋಬರಿನಲ್ಲಿ ಕೇರಳ ಸರ್ಕಾರದ ಆದೇಶವೊಂದು, ಪಟ್ಟಾ ಭೂಮಿಯಲ್ಲಿ ರೈತರು ನೆಟ್ಟ ಅಥವಾ ಭೂಮಿ ಸಿಕ್ಕ ಮೇಲೆ ತಾನಾಗಿ ಬೆಳೆದ ಮರಗಳನ್ನು ಕಡಿಯಬಹುದೆಂದು ಹೇಳಿತು. ಕೆಲವೇ ತಿಂಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ ಮುಟ್ಟಿಲ್ ಎಂಬಲ್ಲಿ ಬೀಟೆ ಮರಗಳು ನೆಲಕ್ಕುರುಳಿದ್ದವು. ಅವುಗಳಲ್ಲಿ ಐದುನೂರು ವರ್ಷ ದಾಟಿದವೂ ಇದ್ದವೆಂದು ಪರೀಕ್ಷೆಯಿಂದ ತಿಳಿದುದಾಗಿ 2023ರಲ್ಲಿ ವರದಿಯಾಯಿತು. ತಪ್ಪು ಯಾರದೆಂದು ಹೇಳುವುದು ನ್ಯಾಯಾಲಯದ ಕೆಲಸ. ನನ್ನನ್ನು ತಡೆದು ನಿಲ್ಲಿಸಿದ್ದು 'ರೈತರು ನೆಟ್ಟ' ಎಂಬ ಮಾತು. ಐದು ಶತಮಾನದ ಹಿಂದಿನ ಬೀಟೆಯೂ ಆ ಪುಟ್ಟ ಮಾತಿನ ಕೆಳಗೆ ಹಿಡಿಸಿಬಿಟ್ಟಿತು. ನಮ್ಮ ಹಲಸು 'ಹೇಗೂ ಬೀಳೋ' ಎಂಬುದರ ಕೆಳಗೆ ಹಿಡಿಸಿದ ಹಾಗೆ.

ಈಗ ಪಟ್ಟಣಗಳಲ್ಲಿ ತೊಗಟೆಯ ಅಂಚನ್ನು ಹಾಗೆಯೇ ಉಳಿಸಿದ ದಪ್ಪ ಹಲಗೆಯ ಮೇಜುಗಳಿಗೆ ಭಾರಿ ಬೇಡಿಕೆ. ಅಷ್ಟು ದಪ್ಪವೇಕೆ ಎಂಬುದಕ್ಕೆ ಸೌಂದರ್ಯವಷ್ಟೇ ಕಾರಣವಲ್ಲ, ಲೆಕ್ಕಾಚಾರವೂ ಇದೆ. ಚೈನ್ ಸಾದ ಪ್ರತಿ ಕೊಯ್ತಕ್ಕೂ ಸುಮಾರು ಒಂಬತ್ತು ಮಿಲಿಮೀಟರ್ ಮರ ಪುಡಿಯಾಗುತ್ತದೆ. ಮಿಲ್ಲಿನ ಪಟ್ಟಿ ಗರಗಸಕ್ಕೆ ಎರಡು ಮೂರು ಮಿಲಿಮೀಟರ್ ಸಾಕು. ಒಂದಿಂಚಿನ ಹಲಗೆ ಕೊಯ್ದರೆ ಮರದ ಕಾಲು ಭಾಗ ಹೊಟ್ಟು; ಎರಡೂವರೆ ಇಂಚಿನದಾದರೆ ಎಂಟನೇ ಒಂದು ಭಾಗದ ಆಸುಪಾಸು. ಇಂಥ ಮೇಜಿನ ಜೊತೆ ಒಂದು ಕಥೆಯೂ ಬರುತ್ತದೆ: ಇದು ಕಡಿದ ಮರವಲ್ಲ, ಬಿದ್ದದ್ದು, ರಸ್ತೆ ಅಗಲೀಕರಣದಲ್ಲಿ ಹೋದದ್ದು, ನಾವು ಕೊಳ್ಳದಿದ್ದರೆ ಸೌದೆಯಾಗುತ್ತಿತ್ತು. ಬಹಳ ಸಲ ಇದು ನಿಜ. ಹೆದ್ದಾರಿ ಬದಿಯ ನೂರು ವರ್ಷದ ಹುಣಸೆ ಇಟ್ಟಿಗೆ ಗೂಡಿಗೆ ಹೋಗುವುದಕ್ಕಿಂತ ಯಾರದೋ ಮನೆಯ ಮೇಜಾಗುವುದು ಮೇಲು, ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬಿದ್ದ ಮರಕ್ಕೆ ಒಳ್ಳೆಯ ಬೆಲೆ ಬಂದ ಊರಿನಲ್ಲಿ ಬೀಳಲಿರುವ ಮರಗಳ ಸಂಖ್ಯೆ ಹೆಚ್ಚಾಗುತ್ತದೆ. ಅಲ್ಲಿ ಯಾರೂ ಸುಳ್ಳು ಹೇಳಬೇಕಿಲ್ಲ. ಮೊದಲು ತಲೆಯಾಡಿಸಿದವನು ಯಾರೆಂದು ಯಾರೂ ಕೇಳದಿದ್ದರೆ ಸಾಕು.

ನಾಲ್ಕನೇ ಹಲಗೆಯ ನಡುವೆ ಸರಪಳಿ ಕಿರ್ರೆಂದು ಕಿಡಿ ಹಾರಿಸಿ ನಿಂತಿತು. ಒಳಗೆ ಬೆರಳುದ್ದದ ಮೊಳೆ. ಸುತ್ತ ಮರ ನೀಲಿಗಪ್ಪಾಗಿತ್ತು. ಮರದ ಒಗರೂ ಕಬ್ಬಿಣವೂ ಕೂಡಿದರೆ ಶಾಯಿಯ ಬಣ್ಣ ಬರುತ್ತದೆ. ಬಟ್ಟೆ ಒಣಗಿಸುವ ತಂತಿಗಾಗಿ ಅಬ್ಬಾ ಹೊಡೆದ ಮೊಳೆ. ಸುತ್ತಿಗೆ ಎತ್ತಿ ಕೊಟ್ಟವನು ನಾನೇ, ಆಗ ಏಳೋ ಎಂಟೋ ವರ್ಷ. ಅಷ್ಟೂ ವರ್ಷ ಮರ ಅದನ್ನು ನುಂಗಿಕೊಂಡು ಬೆಳೆದಿತ್ತು. ಕೇಳಿದಾಗ ನಾನು ಇಲ್ಲ ಎಂದಿದ್ದೆ.

ಆತ ಬೈಯಲಿಲ್ಲ. ನೆರಳಲ್ಲಿ ಕೂತು ಹಲ್ಲು ಹಲ್ಲನ್ನೂ ಅರ ಹಾಕಲು ತೊಡಗಿದ. ಎಂಟು ಹತ್ತು ಹಲ್ಲು ಉಜ್ಜಿದರೂ ಉಳಿಯದಷ್ಟು ಹಾಳಾಗಿದ್ದವು. ಸರಪಳಿಯ ದುಡ್ಡು ಕೊಡಲು ಹೋದರೆ, "ನಿಮಗೆ ಗೊತ್ತಿರಲಿಲ್ವಲ್ಲ, ಬಿಡಿ" ಎಂದ. ಬಲವಂತವಾಗಿ ಜೇಬಿಗೆ ತುರುಕಿದೆ.

ಹಲಗೆಗಳು ಈಗ ಜಗಲಿಯಲ್ಲಿವೆ. ತುದಿ ಸೀಳದಂತೆ ಬಣ್ಣ ಬಳಿದು, ಗಾಳಿಯಾಡಲು ನಡುನಡುವೆ ರೀಪು ಕೊಟ್ಟು ಒಟ್ಟಿದ್ದೇವೆ. ಇಂಚಿಗೊಂದು ವರ್ಷ ಒಣಗಬೇಕೆಂಬುದು ಬಡಗಿಗಳ ಲೆಕ್ಕ. ಹಳದಿ ಹೋಗಿ ಕಂದು ಬಂದಿದೆ. ಬಾಗಿದ ಹಲಗೆ ಎಲ್ಲಕ್ಕಿಂತ ಮೇಲಿದೆ, ಅದರ ಮೇಲೆ ನಾಲ್ಕು ಕಲ್ಲು ಹೇರಿದರೂ ನೇರವಾಗಿಲ್ಲ. ಮೊಳೆಯ ಕಲೆಯಿರುವಷ್ಟು ಭಾಗವನ್ನು ಕತ್ತರಿಸಿ ತೆಗೆದರೆ ಮೇಜು ಚೆನ್ನಾಗಿ ಬರುತ್ತದೆಂದು ಬಡಗಿ ಹೇಳಿ ಹೋಗಿದ್ದಾನೆ. ಆಪಾ ಬೇಡವೆನ್ನುತ್ತಾಳೆ. ಭಾಯಿಜಾನ್ ಎರಡಕ್ಕೂ ಏನೂ ಹೇಳುವುದಿಲ್ಲ. ಕಳೆದ ಮಳೆಗಾಲದ ಮೊದಲ ಗಾಳಿಗೆ ಅಮ್ಮಿ ಅಭ್ಯಾಸದಂತೆ ಹಿತ್ತಲ ಬಾಗಿಲಿಗೆ ಬಂದು ನಿಂತು, ಬಚ್ಚಲಿನ ಹೆಂಚಿನ ಮೇಲೆ ಕಂಡ ಖಾಲಿ ಆಕಾಶವನ್ನು ಸ್ವಲ್ಪ ಹೊತ್ತು ನೋಡಿ ಒಳಗೆ ಹೋದರು.