ಕಿವುಡನಿಗೂ ಕೇಳುವ ಸದ್ದು

ರಬಕವಿ-ಬನಹಟ್ಟಿಯಲ್ಲಿ ಕರೆಂಟು ಹೋಗಿ ಪವರ್‌ಲೂಮ್‌ಗಳೆಲ್ಲ ನಿಂತರೂ ಕೆಲವು ನೇಕಾರರ ಕಿವಿಯೊಳಗಿನ ಮಗ್ಗ ನಿಲ್ಲುವುದಿಲ್ಲ. ಲಾಳಿ ಬಡಿಯುವ ಶೆಡ್ಡಿನಲ್ಲಿ ಸದ್ದು 90 ಡೆಸಿಬಲ್ ದಾಟುವುದು ಸಾಮಾನ್ಯ; ಪಕ್ಕದವನ ಕಿವಿಗೆ ಬಾಯಿ ಹಚ್ಚಿಯೇ ಮಾತಾಡಬೇಕು. ವರ್ಷಗಟ್ಟಲೆ ಹೀಗೆ ದುಡಿದರೆ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಹಾಳಾಗುತ್ತವೆ. ಕಿವಿಯಿಂದ ಬರುವ ಸಂಕೇತ ಕಡಿಮೆಯಾದಂತೆ ಮೆದುಳೇ ತನ್ನ ಕಡೆಯಿಂದ ಸದ್ದು ಏರಿಸಿಕೊಳ್ಳುತ್ತದೆ ಎನ್ನುವುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ‘ಕಿವಿ ಗುಂಯ್ ಅಂತೈತ್ರಿ’ ಎಂದು ಬಂದವರ ಚೀಟಿಯಲ್ಲಿ ವೈದ್ಯರು ಟಿನಿಟಸ್ ಎಂದು ಬರೆಯುತ್ತಾರೆ.

ಇದೇ ಸೀಮೆಯ ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆ ಒಳಗಿನ ಸದ್ದನ್ನು ಬೇರೆ ದಿಕ್ಕಿನಿಂದ ನೋಡಿದವರು. ಉಮದಿಯ ಭಾವೂಸಾಹೇಬ ಮಹಾರಾಜರಿಂದ ನಾಮ ಪಡೆದು, ಅಲಹಾಬಾದಿನಲ್ಲಿ ತತ್ವಶಾಸ್ತ್ರ ಕಲಿಸಿ, ಅಲ್ಲಿನ ವಿಶ್ವವಿದ್ಯಾಲಯದ ಕುಲಪತಿಯೂ ಆಗಿ, ಕೊನೆಗೆ ನಿಂಬಾಳದಲ್ಲಿ ನೆಲೆಸಿದವರು.

ಕಿವಿ ಮುಚ್ಚಿಕೊಂಡಾಗ ಕೇಳುವ ಸದ್ದು ಅನ್ನ ಅರಗಿಸುವ ಅಗ್ನಿಯದು, ಸಾವು ಹತ್ತಿರ ಬಂದವನಿಗೆ ಅದು ಕೇಳದು ಎನ್ನುತ್ತದೆ ಬೃಹದಾರಣ್ಯಕ ಉಪನಿಷತ್ತು. 1926ರ ತಮ್ಮ ಉಪನಿಷತ್ ಗ್ರಂಥದಲ್ಲಿ ರಾನಡೆಯವರು ಇಷ್ಟಕ್ಕೆ ಒಪ್ಪಲಿಲ್ಲ. ಸಾಧಕನ ಒಳಗಿನ ನಾದ ಕಿವಿ ತೆರೆದಿದ್ದಾಗಲೂ ಕೇಳುತ್ತದೆ, ಏನೂ ಕೇಳಿಸದ ಕಿವುಡನಿಗೂ ಕೇಳುತ್ತದೆ. ಆದ್ದರಿಂದ ಅದು ಬರೀ ದೇಹದ ಸದ್ದಲ್ಲ ಎಂಬುದು ಅವರ ವಾದ.

ವಾದ ಚೆಂದವಾಗಿದೆ, ಆದರೆ ನಿಲ್ಲುವುದಿಲ್ಲ. ಟಿನಿಟಸ್ ಕೂಡ ತೆರೆದ ಕಿವಿಗೆ ಕೇಳುತ್ತದೆ, ಪೂರ್ತಿ ಕಿವುಡರನ್ನೂ ಬಿಡುವುದಿಲ್ಲ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಸಂಶೋಧಕರು ಶ್ರವಣದೋಷವಿಲ್ಲದ 80 ಜನರನ್ನು ಶಬ್ದ ಹೊಗದ ಕೋಣೆಯಲ್ಲಿ ಕೂರಿಸಿದಾಗ ಅವರಲ್ಲಿ 94 ಪ್ರತಿಶತ ಮಂದಿಗೆ ಏನಾದರೊಂದು ಸದ್ದು ಕೇಳಿಸಿತು. ಯೋಗಿಗೆ ಕೇಳುವ ನಾದಗಳೆಂದು ಹಠಯೋಗಪ್ರದೀಪಿಕೆ ಹೆಸರಿಸುವ ಕಡಲಿನ ಮೊರೆತ, ಗಂಟೆ, ಕೊಳಲು, ದುಂಬಿಯ ಝೇಂಕಾರವೆಲ್ಲ ಕಿವಿ ಡಾಕ್ಟರರ ಮುಂದೆ ದೂರಾಗಿಯೂ ಬರುತ್ತವೆ. ಯೋಗಿ ಬಯಸಿ ಕೂರುವುದನ್ನೇ ರೋಗಿ ತೆಗೆದುಹಾಕಿ ಎಂದು ಕೈಮುಗಿಯುತ್ತಾನೆ.

ನ್ಯೂರೋಫೀಡ್‌ಬ್ಯಾಕ್ ಚಿಕಿತ್ಸೆ ಬರುವುದು ಇಲ್ಲಿಗೆ. ತಲೆಗೆ ಇಇಜಿ ತಂತಿ ಅಂಟಿಸಿ, ಮೆದುಳಿನ ಅಲೆಗಳನ್ನು ಪರದೆಯ ಮೇಲೆ ರೋಗಿಗೇ ತೋರಿಸುತ್ತಾರೆ. ಬೇಕಾದ ಅಲೆ ಹೆಚ್ಚಿದರೆ ಚಿತ್ರವೋ ದನಿಯೋ ‘ಹಾಂ, ಹೀಗೇ’ ಎಂದು ಸೂಚಿಸುತ್ತದೆ. ಜರ್ಮನಿಯ ನಥಾನ್ ವೈಸ್ ಮತ್ತು ಸಂಗಡಿಗರು ಟಿನಿಟಸ್ ಇರುವವರಲ್ಲಿ ಆಲ್ಫಾ ಅಲೆ ಕುಗ್ಗಿ ಡೆಲ್ಟಾ ಹೆಚ್ಚಿರುವುದನ್ನು 2005ರಲ್ಲಿ ವರದಿ ಮಾಡಿದ ಮೇಲೆ, ಅದನ್ನು ತಿರುಗಿಸುವ ತರಬೇತಿ ಶುರುವಾಯಿತು. ಪ್ರಯೋಗಗಳು ಸಣ್ಣವು, ಫಲ ಒಬ್ಬೊಬ್ಬರಿಗೆ ಒಂದೊಂದು ಥರ. ಶ್ರವಣಯಂತ್ರ ಮತ್ತು ಆಪ್ತಸಲಹೆಗೆ ಇದಕ್ಕಿಂತ ಗಟ್ಟಿ ಆಧಾರವಿದೆ. ಶೆಡ್ಡಿನಲ್ಲಿ ಮೊದಲೇ ಕಿವಿಗೆ ರಕ್ಷಣೆ ಹಾಕಿಕೊಂಡಿದ್ದರೆ ಎಷ್ಟೋ ಜನರಿಗೆ ಇದಾವುದೂ ಬೇಕಾಗುತ್ತಿರಲಿಲ್ಲ, ಅದು ಬೇರೆ ಮಾತು.

ಆ ಆಲ್ಫಾ ಅಲೆ ನಮ್ಮ ದೇಶಕ್ಕೆ ಹೊಸದಲ್ಲ. 1961ರಲ್ಲಿ ದೆಹಲಿಯ ಏಮ್ಸ್‌ನ ಆನಂದ್, ಛೀನಾ ಮತ್ತು ಬಲದೇವ್ ಸಿಂಗ್ ಯೋಗಿಗಳ ತಲೆಗೆ ಇದೇ ತಂತಿ ಹಚ್ಚಿದ್ದರು. ಧ್ಯಾನದಲ್ಲಿ ಕೂತವರ ಬಳಿ ದಢಾರನೆ ಸದ್ದು ಮಾಡಿದರು, ಮೈಗೆ ಬಿಸಿ ಗಾಜಿನ ನಳಿಗೆ ತಾಗಿಸಿದರು, ಆಲ್ಫಾ ಕದಲಲಿಲ್ಲ. ಅಂದರೆ ಯಂತ್ರ ರೋಗಿಯನ್ನು ಒಯ್ಯಲು ನೋಡುವುದು ಸುಮಾರಾಗಿ ಯೋಗಿ ಕುಳಿತ ಕಡೆಗೇ. ಗುರು ಇಲ್ಲ, ನಾಮ ಇಲ್ಲ, ಭಕ್ತಿಯಂತೂ ಇಲ್ಲವೇ ಇಲ್ಲ.

ಹಾಗಾದರೆ ಯೋಗಿಯ ನಾದಕ್ಕೂ ರೋಗಿಯ ಟಿನಿಟಸ್‌ಗೂ ವ್ಯತ್ಯಾಸವೇನು? ಸದ್ದನ್ನು ಎಷ್ಟು ಅಳೆದರೂ ಉತ್ತರ ಸಿಗದು. ರಾನಡೆಯವರಲ್ಲೇ ಆ ಕಿವುಡನ ವಾದಕ್ಕಿಂತ ಗಟ್ಟಿಯಾದ ಇನ್ನೊಂದು ಒರೆಗಲ್ಲಿದೆ. ಮಹಾರಾಷ್ಟ್ರದ ಸಂತರ ಕುರಿತು 1933ರಲ್ಲಿ ಬಂದ ಗ್ರಂಥದಲ್ಲಿ ಅವರು ಅನುಭವದ ನಿಜವನ್ನು ಅದು ಮನುಷ್ಯನ ನಡತೆಯಲ್ಲಿ ತರುವ ಬೆಳವಣಿಗೆಯಿಂದಲೂ ಅಳೆಯುತ್ತಾರೆ. ಟಿನಿಟಸ್ ತಜ್ಞರ ಪ್ರಶ್ನಾವಳಿಯೂ ಸದ್ದು ಎಷ್ಟು ಜೋರು ಎನ್ನುವುದಕ್ಕಿಂತ ನಿದ್ದೆ, ಸಿಟ್ಟು, ಮನೆಮಂದಿಯ ಜತೆಗಿನ ಒಡನಾಟವನ್ನೇ ಹೆಚ್ಚು ಕೆದಕುತ್ತದೆ. ಸದ್ದು ಇದ್ದಷ್ಟೇ ಇದ್ದು, ಸಿಟ್ಟು ಇಳಿದು, ಹೆಂಡತಿ ಮಕ್ಕಳೊಡನೆ ಸಮಾಧಾನದಿಂದ ಮಾತಾಡತೊಡಗಿದ ನೇಕಾರನನ್ನು ವೈದ್ಯರು ಸುಧಾರಿಸಿದವರ ಪಟ್ಟಿಗೆ ಸೇರಿಸುತ್ತಾರೆ. ರಾನಡೆಯವರ ಒರೆಗಲ್ಲಿಗೆ ಹಚ್ಚಿದರೂ ಅವನು ತೇರ್ಗಡೆಯಾದಾನು, ದೇವರ ಹೆಸರನ್ನು ಒಮ್ಮೆಯೂ ಎತ್ತದೆ. ರಾನಡೆಯವರ ಗುರುಪರಂಪರೆಯಾದ ಇಂಚಗೇರಿ ಪರಂಪರೆಯವರು ಇದಕ್ಕೆ ಒಪ್ಪುವುದು ಕಷ್ಟ: ಅವರಲ್ಲಿ ನಾಮ ಮೊದಲು, ನಾದ ಆಮೇಲೆ.