ಜ್ಞಾನದ ಋಣ ಯಾರಿಗೆ?

ವಿದ್ಯಾರ್ಥಿಯೊಬ್ಬ ಪ್ರಾಧ್ಯಾಪಕರ ಲೇಖನ ಓದಿ, ಇದು ಪ್ರಕಟಣೆಗೆ ಯೋಗ್ಯವಲ್ಲ ಎಂದು ಹಿಂದಿರುಗಿಸಬಹುದೇ? ಗುರುವಿಗೆ ಎದುರಾಡಬಾರದೆಂದು ಕಲಿತು ಬೆಳೆದ ನಮಗೆ ಇದು ವಿಚಿತ್ರವೆನಿಸೀತು. ಆದರೆ ಕಾನೂನು ಶಿಕ್ಷಣದಲ್ಲಿ ಇದು ಹಳೆಯ ಪದ್ಧತಿ. ಅಮೆರಿಕದ ಹಾರ್ವರ್ಡ್‌ನ ವಿದ್ಯಾರ್ಥಿಗಳು 1887ರಲ್ಲೇ ಇಂತಹ ಪತ್ರಿಕೆ ಆರಂಭಿಸಿದ್ದರು. 1988ರಲ್ಲಿ ತರಗತಿಗಳನ್ನು ಆರಂಭಿಸಿದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿಯೂ 'ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ರಿವ್ಯೂ' ಪತ್ರಿಕೆಯನ್ನು ವಿದ್ಯಾರ್ಥಿಗಳೇ ಸಂಪಾದಿಸುತ್ತಾರೆ.

ಇಂತಹ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಲೇಖಕರ ಹೆಸರು ತೆಗೆದು ಬರಹವನ್ನು ಪರಿಶೀಲಿಸಲಾಗುತ್ತದೆ. ಬರೆದವರು ಯಾರು ಎಂಬುದು ಅಲ್ಲಿ ಮುಖ್ಯವಲ್ಲ, ವಾದ ನಿಲ್ಲುತ್ತದೆಯೇ ಎಂಬುದೇ ಮುಖ್ಯ. ಪ್ರತಿಯೊಂದು ಅಡಿಟಿಪ್ಪಣಿಯನ್ನೂ ಮೂಲ ತೀರ್ಪಿನೊಂದಿಗೆ ಹೋಲಿಸಿ ನೋಡುತ್ತಾರೆ. ಇದು ಕೇವಲ ಪಾಂಡಿತ್ಯವಲ್ಲ, ಪ್ರಾಮಾಣಿಕತೆಯ ತರಬೇತಿ. ಬರೆಯುವವನಿಗೆ ಇಲ್ಲಿ ನ್ಯಾಯ ದೊರೆಯುತ್ತದೆ. ಆದರೆ ಯಾರ ಬದುಕಿನ ಬಗ್ಗೆ ಬರೆಯಲಾಗುತ್ತದೆಯೋ ಅವನಿಗೆ?

ಆಲಮಟ್ಟಿಯನ್ನೇ ನೋಡೋಣ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಶಂಕುಸ್ಥಾಪನೆ ಮಾಡಿದ ಈ ಅಣೆಕಟ್ಟು ಕಾನೂನು ವಿದ್ವಾಂಸರಿಗೆ ಮುಗಿಯದ ವಿಷಯ. ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣವು 2010ರ ಡಿಸೆಂಬರಿನಲ್ಲಿ ಒಪ್ಪಿತು. ರಾಜ್ಯ ರಾಜ್ಯಗಳ ಹಕ್ಕಿನ ಬಗ್ಗೆ ಎಷ್ಟು ಪುಟ ಬೇಕಾದರೂ ಬರೆಯಬಹುದು. ಆದರೆ ಕೃಷ್ಣೆಯ ದಂಡೆಯ ರೈತನಿಗೆ ಆ ನಾಲ್ಕೂವರೆ ಮೀಟರೆಂದರೆ ಮನೆ, ಹೊಲ, ಹಿರಿಯರ ಗೋರಿ.

1894ರ ಭೂಸ್ವಾಧೀನ ಕಾಯ್ದೆಗೆ 1984ರಲ್ಲಿ ಸೇರಿದ 28ಎ ಕಲಮು ಒಂದು ದೊಡ್ಡ ಆಸರೆಯಾಗಿತ್ತು. ಒಂದೇ ಅಧಿಸೂಚನೆಯಡಿ ಜಮೀನು ಕಳೆದುಕೊಂಡ ನೆರೆಯವನು ಕೋರ್ಟಿಗೆ ಹೋಗಿ ಹೆಚ್ಚಿನ ಪರಿಹಾರ ಪಡೆದರೆ, ಕೋರ್ಟಿಗೆ ಹೋಗದವನೂ ಮೂರು ತಿಂಗಳೊಳಗೆ ಅರ್ಜಿ ಹಾಕಿ ಮರುನಿರ್ಣಯ ಕೇಳಬಹುದಿತ್ತು. 2014ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯ 73ನೇ ಕಲಮಿನಲ್ಲೂ ಇದು ಉಳಿದಿದೆ. ಆದರೆ ಈ ಮೂರು ತಿಂಗಳನ್ನು ವಿಷಯ ತಿಳಿದ ದಿನದಿಂದಲ್ಲ, ತೀರ್ಪಿನ ದಿನದಿಂದಲೇ ಎಣಿಸಬೇಕೆಂದು 28ಎ ಕುರಿತು ಸುಪ್ರೀಂ ಕೋರ್ಟ್ 2003ರಲ್ಲಿ ಹೇಳಿತು. ಅಂದರೆ ತಿಳಿಯದಿದ್ದವನು ಕಳೆದುಕೊಂಡ!

ಇಲ್ಲಿ ತಿಳಿವಳಿಕೆಯೇ ಆಸ್ತಿ. ಅದನ್ನು ಅರಿತವರು ಇಂಗ್ಲಿಷಿನಲ್ಲಿ ಪರಸ್ಪರರಿಗಾಗಿ ಬರೆದುಕೊಂಡರೆ ಸಾಕೇ?

ಸಂಶೋಧನಾ ಪತ್ರಿಕೆಯು ಕರಪತ್ರವಲ್ಲ ಎನ್ನುವವರಿದ್ದಾರೆ. ಅದು ನಿಜ. ಸಂವಿಧಾನದ 348ನೇ ವಿಧಿಯಂತೆ ಉನ್ನತ ನ್ಯಾಯಾಲಯಗಳ ಭಾಷೆ ಮುಖ್ಯವಾಗಿ ಇಂಗ್ಲಿಷ್. ವಿದ್ವತ್ತು ಅದನ್ನು ಬಿಟ್ಟು ನಡೆಯಲಾರದು. ಕಾನೂನನ್ನು ಸರಳಗೊಳಿಸಲು ಹೋದರೆ ತಪ್ಪು ನುಸುಳುತ್ತದೆ ಎಂಬುದೂ ನಿಜ. ಆದರೆ ತಪ್ಪಿನ ಭಯವಿರುವಲ್ಲಿಯೇ ಅಡಿಟಿಪ್ಪಣಿಯನ್ನು ಮೂರು ಸಲ ಪರೀಕ್ಷಿಸಲು ಕಲಿತವರ ಅಗತ್ಯ ಹೆಚ್ಚು. ಅವರು ಹಿಂದೆ ಸರಿದರೆ ಆ ಜಾಗವನ್ನು ತುಂಬುವವನು ದಲ್ಲಾಳಿ.

ಬೆಂಗಳೂರಿನಲ್ಲಾಗಲಿ, 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ರಾಜ್ಯ ಕಾನೂನು ವಿಶ್ವವಿದ್ಯಾಲಯದಲ್ಲಾಗಲಿ, ಪ್ರತಿ ಸಂಚಿಕೆಯ ಜೊತೆ ನಾಲ್ಕು ಪುಟ ಕನ್ನಡದಲ್ಲಿ ಬರಲಿ. ಅದೇ ಪರಿಶೀಲನೆ, ಅದೇ ಶಿಸ್ತು ಅದಕ್ಕೂ ಇರಲಿ. ಅದು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಅಂಟಲಿ.

ಲೇಖಕನ ಹೆಸರನ್ನು ಮುಚ್ಚಿ ನ್ಯಾಯ ಪಾಲಿಸುವುದು ಒಳ್ಳೆಯದೇ. ಆದರೆ ಸಂತ್ರಸ್ತನ ಹೆಸರನ್ನು ಮರೆತರೆ ಆ ನ್ಯಾಯ ಅರ್ಧಕ್ಕೇ ನಿಂತಂತೆ. ನಾವು ಕಲಿತದ್ದರಲ್ಲಿ ನೆಲ ಕಳೆದುಕೊಂಡವನಿಗೂ ಒಂದು ಪಾಲಿದೆ. ಅದನ್ನು ಗಡುವು ಮುಗಿಯುವ ಮುಂಚೆಯೇ ತಲುಪಿಸಬೇಕು.